ಗಂಧೆಯಿಲ್ಲದ ಊತ

ಆ ಹೆಣ್ಣುಮಗಳಿಗೆ 24 ವರ್ಷ. ಊತ ಅವಳಿಗೆ ಹೊಸದಲ್ಲ. ಚಿಕ್ಕಂದಿನಿಂದ ಹೇಳದೆ ಕೇಳದೆ ಬಂದು ಹೋಗುವ ನೆಂಟ. ಒಂದು ಕಡೆ ಬಂದದ್ದು ಇಳಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಕಡೆ. ಎಷ್ಟೋ ಸಲ ಜತೆಗೆ ಹೊಟ್ಟೆ ಹಿಂಡುವ ನೋವು, ವಾಂತಿ. ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮೈ ಮೊದಲಿನ ಹಾಗೆ. ಆಗ ಫಿಲಡೆಲ್ಫಿಯಾದಲ್ಲಿದ್ದ ವೈದ್ಯ ವಿಲಿಯಂ ಓಸ್ಲರ್ ಊತವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ, ಮನೆಯವರ ಬಗ್ಗೆ ಕೇಳಿದರು. ಕೇಳುತ್ತ ಹೋದಂತೆ ಕಥೆ ಐದು ತಲೆಮಾರಿನಷ್ಟು ಹಿಂದಕ್ಕೆ ಸರಿಯಿತು. ಅದೇ ಊತ, ಅದೇ ಹೊಟ್ಟೆನೋವು. ಗಂಟಲು ಊದಿ, ಉಸಿರು ಕಟ್ಟಿ ಸತ್ತವರೂ ಆ ಮನೆತನದಲ್ಲಿದ್ದರು.

1888ರಲ್ಲಿ ಓಸ್ಲರ್ ಇದನ್ನು ಬರೆದು ಪ್ರಕಟಿಸಿದಾಗ ಕೊಟ್ಟ ಹೆಸರು ‘ಹೆರಿಡಿಟರಿ ಆಂಜಿಯೋನ್ಯೂರೋಟಿಕ್ ಎಡಿಮಾ’. ಮೂರು ಪದಗಳಲ್ಲಿ ಮೊದಲನೆಯದು, ಅಂದರೆ ‘ವಂಶಪಾರಂಪರ್ಯದ’ ಎಂಬುದು, ಓಸ್ಲರ್ ಅವರ ಕಣ್ಣಿನ ಚುರುಕಿಗೆ ಸಾಕ್ಷಿ. ಕೊನೆಯ ಪದಕ್ಕೆ ಊತ ಎಂದರ್ಥ, ಅದರಲ್ಲಿ ತಕರಾರಿಲ್ಲ. ನಡುವಿನದು ತಪ್ಪು. ರಕ್ತನಾಳಗಳನ್ನು ಆಳುವ ನರಗಳು ಕೆಟ್ಟು ಊತ ಬರುತ್ತದೆ ಎನ್ನುವ ಆ ಪದವನ್ನು ಓಸ್ಲರ್ ಹುಟ್ಟಿಸಿದ್ದಲ್ಲ. 1885ರಲ್ಲಿ ಜರ್ಮನಿಯ ಪೌಲ್ ಸ್ಟ್ರೂಬಿಂಗ್ ಬಳಕೆಗೆ ತಂದಿದ್ದರು. ‘ನರ’ ಎಂಬ ಮಾತು ಒಮ್ಮೆ ಅಂಟಿದ ಮೇಲೆ ರೋಗಿಯ ಮನಸ್ಸಿನ ಮೇಲೆ ಗೂಬೆ ಕೂರಿಸುವುದು ವೈದ್ಯರಿಗೆ ಸುಲಭವಾಯಿತು. ಆತಂಕ, ಗಾಬರಿ, ಹೆಂಗಸರಾದರೆ ಉನ್ಮಾದ. ಮುಕ್ಕಾಲು ಶತಮಾನ ಆ ಗೂಬೆ ಕದಲಲಿಲ್ಲ.

ಹಾಗೆ ನೋಡಿದರೆ ಈ ಊತದ ಚರಿತ್ರೆಯೇ ತಪ್ಪು ಹೆಸರುಗಳ ಚರಿತ್ರೆ. ಲಂಡನ್ನಿನ ಚರ್ಮವೈದ್ಯ ಜಾನ್ ಲಾಸ್ ಮಿಲ್ಟನ್ 1876ರಲ್ಲಿ ಇದನ್ನು ‘ದೈತ್ಯ ಗಂಧೆ’ ಎಂದು ಕರೆದರು, ನಮ್ಮಲ್ಲಿ ಪಿತ್ತದ ಗಂಧೆ ಎನ್ನುತ್ತೇವಲ್ಲ, ಅದರ ದೊಡ್ಡಣ್ಣನೆಂಬ ಅರ್ಥದಲ್ಲಿ. 1882ರಲ್ಲಿ ಜರ್ಮನಿಯ ಕೀಲ್ ಊರಿನ ಹೈನ್‌ರಿಖ್ ಕ್ವಿಂಕೆ ಇನ್ನಷ್ಟು ಖಚಿತವಾಗಿ ವಿವರಿಸಿದ್ದರಿಂದ ಯೂರೋಪಿನಲ್ಲಿ ಅದು ‘ಕ್ವಿಂಕೆ ಊತ’ವಾಯಿತು. ಅದಕ್ಕೂ ಮುಂಚೆ, 1586ರಲ್ಲಿ, ಇಟಲಿಯ ಮಾಂಟುವಾದ ಮಾರ್ಚೆಲ್ಲೊ ಡೊನಾಟಿ ಮೊಟ್ಟೆ ತಿಂದರೆ ತುಟಿ ಊದಿಕೊಳ್ಳುತ್ತಿದ್ದ ಒಬ್ಬ ಶ್ರೀಮಂತ ಹುಡುಗನ ಬಗ್ಗೆ ಬರೆದಿದ್ದರು. ಮೊಟ್ಟೆ ಒಗ್ಗದೆ ಬಂದ ಊತ ಬೇರೆ, ಓಸ್ಲರ್ ಕಂಡ ಮನೆತನದ ಊತ ಬೇರೆ. ಆದರೆ ತುಟಿ ಊದಿದಾಗ ಎರಡೂ ಹೊರನೋಟಕ್ಕೆ ಒಂದೇ. ಈ ರೋಗವನ್ನು ಗುರುತಿಸುವ ಕಷ್ಟವೆಲ್ಲ ಅಲ್ಲಿಂದಲೇ ಶುರು.

ನಥಾನಿಯಲ್ ಹಾಥಾರ್ನ್ 1851ರಲ್ಲಿ ಬರೆದ ‘ದಿ ಹೌಸ್ ಆಫ್ ದಿ ಸೆವೆನ್ ಗೇಬಲ್ಸ್’ ಕಾದಂಬರಿಯಲ್ಲಿ ಶಾಪಗ್ರಸ್ತ ಮನೆತನವೊಂದರ ಯಜಮಾನರು ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಹಠಾತ್ತನೆ ಸಾಯುತ್ತಾರೆ. ಅದು ಇದೇ ಕಾಯಿಲೆ ಇರಬೇಕೆಂದು ಕೆಲವು ವೈದ್ಯರು ಊಹಿಸಿದ್ದಾರೆ. ಕಾದಂಬರಿಯ ಪಾತ್ರಗಳ ನಾಡಿ ಹಿಡಿಯುವುದು ವೈದ್ಯರಿಗೆ ಹಳೆಯ ಚಟ. ಅಷ್ಟು ದೂರ ಹೋಗಬೇಕಾಗಿಲ್ಲ. ಆದರೆ ತಂದೆಯ ಗಂಟಲನ್ನು ಹಿಡಿದದ್ದು ಮಗನ ಗಂಟಲನ್ನೂ ಹಿಡಿದರೆ ಊರವರು ಅದನ್ನು ಶಾಪವೆಂದೇ ಕರೆಯುತ್ತಿದ್ದರೆಂಬುದರಲ್ಲಿ ಅನುಮಾನ ಬೇಡ.

ಊತ ಹೇಗಿರುತ್ತದೆ? ಹಲ್ಲು ಕೀಳಿಸಿಕೊಂಡದ್ದು, ಬಿದ್ದು ಪೆಟ್ಟಾದದ್ದು, ಮುಟ್ಟು, ಮನಸ್ಸಿನ ಮೇಲಿನ ಒತ್ತಡ ಇವುಗಳಿಂದ ಬರಬಹುದು. ಯಾವ ಕಾರಣವೂ ಇಲ್ಲದೆ ಬರಬಹುದು. ಬೆರಳುಗಳ ಗೆಣ್ಣು ಕಾಣದ ಹಾಗೆ ಕೈ ಉಬ್ಬಿ ನಿಲ್ಲುತ್ತದೆ. ಚರ್ಮ ಬಿಗಿದು ಬಿರಿಯುವಂತಿರುತ್ತದೆ, ಆದರೆ ತುರಿಕೆಯಿಲ್ಲ, ಗಂಧೆಯಿಲ್ಲ. ಅಲರ್ಜಿಯ ಊತ ನಿಮಿಷಗಳಲ್ಲಿ ಏರಿ ದಿನದೊಳಗೆ ಇಳಿದರೆ, ಇದು ತಾಸುಗಟ್ಟಲೆ ನಿಧಾನವಾಗಿ ಏರಿ ಎರಡರಿಂದ ಐದು ದಿನ ಕೂತುಬಿಡುತ್ತದೆ. ಕರುಳಿನ ಗೋಡೆ ಊದಿಕೊಂಡರೆ ಹೊರಗೆ ಏನೂ ಕಾಣಿಸದು, ರೋಗಿ ಮಾತ್ರ ನೆಲದಲ್ಲಿ ಹೊರಳಾಡುತ್ತಾನೆ. ಅಪೆಂಡಿಕ್ಸ್ ಎಂದುಕೊಂಡು ಹೊಟ್ಟೆ ಕೊಯ್ದು, ಒಳಗೆ ಬರೀ ಊದಿದ ಕರುಳನ್ನೂ ಒಂದಿಷ್ಟು ನೀರನ್ನೂ ಕಂಡು, ಮತ್ತೆ ಹೊಲಿದು ಕಳಿಸಿದ ಪ್ರಸಂಗಗಳು ಒಂದೆರಡಲ್ಲ. ಗಂಟಲಿಗೆ ಬಂದರೆ ಮಾತು ಮೊದಲು ಕರ್ಕಶವಾಗುತ್ತದೆ, ನುಂಗುವುದು ಕಷ್ಟವಾಗುತ್ತದೆ. ಅಲ್ಲಿಂದ ಮುಂದೆ ಎಷ್ಟು ಹೊತ್ತು ಉಳಿದಿದೆ ಎಂದು ಯಾರೂ ಹೇಳಲಾರರು.

1917ರಲ್ಲಿ ಅಮೆರಿಕದ ಇನ್ನೊಂದು ಐದು ತಲೆಮಾರಿನ ಕುಟುಂಬವನ್ನು ಪರಿಶೀಲಿಸಿದ ಕ್ರೌಡರ್ ಜೋಡಿ, ಇದು ಮೆಂಡೆಲ್ಲನ ಲೆಕ್ಕದಂತೆ ಪ್ರಬಲ ಗುಣವಾಗಿ ಹರಿದುಬರುತ್ತದೆಂದು ತೋರಿಸಿದರು. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಹಾಗಾದರೆ ಹರಿದುಬರುವುದಾದರೂ ಏನು? ಉತ್ತರ ಎರಡು ಊರುಗಳಲ್ಲಿ ತಯಾರಾಗುತ್ತಿತ್ತು. ವಿಚಿತ್ರವೆಂದರೆ, ಎರಡೂ ಕಡೆ ಯಾರೂ ಊತದ ಬಗ್ಗೆ ಯೋಚಿಸುತ್ತಿರಲಿಲ್ಲ.

ಮೊದಲನೆಯದು ಬ್ರೆಜಿಲ್‌ನ ಸಾವೊ ಪಾವ್ಲೊ. 1940ರ ದಶಕದ ಕೊನೆಯಲ್ಲಿ ಮೌರಿಸಿಯೊ ರೋಚಾ ಎ ಸಿಲ್ವಾ ತಮ್ಮ ಸಂಗಡಿಗರಾದ ವಿಲ್ಸನ್ ಬೆರಾಲ್ಡೊ ಮತ್ತು ಗಸ್ತಾವೊ ರೋಸೆನ್‌ಫೆಲ್ಡ್ ಜತೆ ಜರರಾಕಾ ಎಂಬ ಮಂಡಲದ ಜಾತಿಯ ಹಾವಿನ ವಿಷವನ್ನು ಪರೀಕ್ಷಿಸುತ್ತಿದ್ದರು. ಪ್ರಯೋಗ ನೋಡಲು ಸರಳ. ಗಿನಿಯಿಲಿಯ ಕರುಳಿನ ತುಂಡೊಂದನ್ನು ಬೆಚ್ಚನೆಯ ಲವಣದ ನೀರಿನಲ್ಲಿ ತೂಗುಬಿಟ್ಟು, ಅದು ಮುದುಡಿದಾಗಲೆಲ್ಲ ಕಡ್ಡಿಯೊಂದು ಗೆರೆ ಎಳೆಯುವಂತೆ ಮಾಡುವುದು. ಅಲರ್ಜಿಯ ಊತ ತರುವ ಹಿಸ್ಟಮಿನ್ ಹಾಕಿದರೆ ಕರುಳು ತಟ್ಟನೆ ಮುದುಡುತ್ತಿತ್ತು. ವಿಷ ಬೆರೆತ ನಾಯಿಯ ರಕ್ತವನ್ನು ಹಾಕಿದಾಗ ಹಾಗಾಗಲಿಲ್ಲ. ಸ್ವಲ್ಪ ತಡೆದು, ಸೋಮಾರಿಯಂತೆ, ನಿಧಾನಕ್ಕೆ ಮುದುಡಿತು. ವಿಷದಿಂದ ರಕ್ತದೊಳಗೇ ಯಾವುದೋ ಹೊಸ ವಸ್ತು ಹುಟ್ಟಿತ್ತು. ನಿಧಾನ ಮತ್ತು ಚಲನೆ ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ 1949ರಲ್ಲಿ ಅದಕ್ಕೆ ‘ಬ್ರ್ಯಾಡಿಕೈನಿನ್’ ಎಂದು ಹೆಸರಿಟ್ಟರು. ರಕ್ತನಾಳಗಳನ್ನು ಹಿಗ್ಗಿಸಿ, ಅವುಗಳ ಗೋಡೆ ಸೋರುವಂತೆ ಮಾಡುವುದರಲ್ಲಿ ಅದು ಬಲು ಜೋರು. ಈ ಕಥೆಯಲ್ಲಿ ಸರಿಯಾಗಿ ಇಟ್ಟ ಹೆಸರೆಂದರೆ ಬಹುಶಃ ಇದೊಂದೇ.

ಎರಡನೆಯ ಊರು ಅಮೆರಿಕದ ಕ್ಲೀವ್‌ಲ್ಯಾಂಡ್. ಅಲ್ಲಿನ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಆಸ್ಕರ್ ರ‍್ಯಾಟ್ನಾಫ್ ರಕ್ತ ಹೆಪ್ಪುಗಟ್ಟುವ ಬಗೆಯನ್ನು ಅಧ್ಯಯನ ಮಾಡುತ್ತಿದ್ದರು. ಹ್ಯಾಗ್‌ಮನ್ ಎಂಬ ರೈಲ್ವೆ ನೌಕರನೊಬ್ಬನ ರಕ್ತ ಗಾಜಿನ ಕೊಳವೆಯಲ್ಲಿ ಹೆಪ್ಪುಗಟ್ಟಲು ವಿಪರೀತ ಹೊತ್ತು ತೆಗೆದುಕೊಂಡಿತು. ಆದರೆ ಆತನಿಗೆ ರಕ್ತಸ್ರಾವದ ತೊಂದರೆ ಎಂದೂ ಇರಲಿಲ್ಲ. ಆತನಲ್ಲಿ ಇಲ್ಲದಿದ್ದ ಅಂಶಕ್ಕೆ 1955ರಲ್ಲಿ ಆತನ ಹೆಸರೇ ಬಂತು. ಹ್ಯಾಗ್‌ಮನ್ ಫ್ಯಾಕ್ಟರ್, ಅಂಕಿಯಲ್ಲಿ ಹೇಳುವುದಾದರೆ ಫ್ಯಾಕ್ಟರ್ 12. ಇದೇ ಬಳಗದಲ್ಲಿ ಇರ್ವಿನ್ ಲೆಪೊ ‘ಕಾಂಪ್ಲಿಮೆಂಟ್’ ಎಂಬ ರಕ್ಷಣಾ ಪ್ರೋಟೀನುಗಳ ಸರಪಣಿಯ ಬೆನ್ನುಹತ್ತಿದ್ದರು. ಒಂದು ಕೊಂಡಿ ಇನ್ನೊಂದನ್ನು ಎಬ್ಬಿಸುತ್ತ ಹೋಗುವ ಈ ಸರಪಣಿಯ ಮೊದಲ ಕೊಂಡಿ ಸಿ1. ಅದು ಬೇಕಾಬಿಟ್ಟಿ ಎದ್ದು ಕೂರದಂತೆ ಹಿಡಿದಿಡುವ ಪ್ರತಿಬಂಧಕವೊಂದು ರಕ್ತದಲ್ಲಿದೆ ಎಂಬುದು 1950ರ ದಶಕ ಮುಗಿಯುವಷ್ಟರಲ್ಲಿ ಗೊತ್ತಾಗಿತ್ತು. ಅದರಿಂದ ರೋಗಿಗಳಿಗೆ ಏನು ಪ್ರಯೋಜನ ಎಂದು ಆಗ ಕೇಳಿದ್ದರೆ ಯಾರ ಬಳಿಯೂ ಉತ್ತರವಿರಲಿಲ್ಲ.

ರ‍್ಯಾಟ್ನಾಫ್ ಜತೆ ಕೆಲಸ ಕಲಿತ ವೈದ್ಯೆ ವರ್ಜೀನಿಯಾ ಡೊನಾಲ್ಡ್‌ಸನ್ 1963ರಲ್ಲಿ ರಿಚರ್ಡ್ ಇವಾನ್ಸ್ ಜತೆಗೂಡಿ ಆ ಉತ್ತರ ಕೊಟ್ಟರು. ವಂಶಪಾರಂಪರ್ಯದ ಊತವಿದ್ದವರ ಸೀರಂನಲ್ಲಿ ಸಿ1 ಪ್ರತಿಬಂಧಕದ ಕೆಲಸ ಕಾಣಿಸಲೇ ಇಲ್ಲ. ಕಾವಲುಗಾರ ಗೈರುಹಾಜರಾದ್ದರಿಂದ ಸಿ1 ತನ್ನಷ್ಟಕ್ಕೆ ತಾನೇ ಎದ್ದು, ಸರಪಣಿಯ ಮುಂದಿನ ಕೊಂಡಿಗಳಾದ ಸಿ4 ಮತ್ತು ಸಿ2ಗಳನ್ನು ತಿಂದುಹಾಕುತ್ತಿತ್ತು. ಎಪ್ಪತ್ತೈದು ವರ್ಷ ‘ನರ’ದ್ದೆನಿಸಿಕೊಂಡ ಕಾಯಿಲೆ ಕೊನೆಗೆ ರಕ್ತದ ಕೊಳವೆಯಲ್ಲಿ ಸಿಕ್ಕಿಬಿತ್ತು.

ಇದಕ್ಕೆ ಒಂದು ವರ್ಷ ಮೊದಲೇ, 1962ರಲ್ಲಿ, ನಥಾನಿಯಲ್ ಲ್ಯಾಂಡರ್‌ಮನ್ ಮತ್ತು ಸಂಗಡಿಗರು ಇಂಥ ರೋಗಿಗಳಲ್ಲಿ ಕ್ಯಾಲಿಕ್ರೀನ್ ಎಂಬ ಕಿಣ್ವವನ್ನು ತಡೆಯುವ ಶಕ್ತಿ ಕಡಿಮೆ ಇದೆ ಎಂದು ವರದಿ ಮಾಡಿದ್ದರು. ಕ್ಯಾಲಿಕ್ರೀನ್‌ನ ಕೆಲಸವೇ ಬ್ರ್ಯಾಡಿಕೈನಿನ್ ಹುಟ್ಟಿಸುವುದು. ಅಂದರೆ ಸಾವೊ ಪಾವ್ಲೊದ ಸೋಮಾರಿ ವಸ್ತುವಿನ ಸುಳಿವು ಆಗಲೇ ಸಿಕ್ಕಿತ್ತು. ಆದರೆ ಡೊನಾಲ್ಡ್‌ಸನ್ ಅವರ ಫಲಿತಾಂಶ ಅಷ್ಟು ಸ್ಪಷ್ಟವಾಗಿತ್ತೆಂದರೆ, ಎಲ್ಲರ ಕಣ್ಣೂ ಕಾಂಪ್ಲಿಮೆಂಟ್ ಕಡೆಗೇ ತಿರುಗಿತು. ಊತಕ್ಕೆ ಕಾರಣ ಸಿ2 ಒಡೆದಾಗ ಉದುರುವ ತುಣುಕೋ, ಬ್ರ್ಯಾಡಿಕೈನಿನ್ನೋ ಎಂಬ ಜಗಳ ಮುಂದೆ ಸುಮಾರು ನಲವತ್ತು ವರ್ಷ ಎಳೆಯಿತು.

ಜಗಳ ನಡೆಯುತ್ತಿರುವಾಗಲೇ ಪರೀಕ್ಷೆ ಮಾತ್ರ ಕೈಗೆ ಬಂದಿತ್ತು. ಸಿ4 ಸದಾ ಕಡಿಮೆ ಇರುವುದು ಅಗ್ಗದ ಸುಳಿವಾಯಿತು. ಆದರೆ 1965ರಲ್ಲಿ ಬಾಸ್ಟನ್ನಿನ ಫ್ರೆಡ್ ರೋಸೆನ್, ಡೊನಾಲ್ಡ್‌ಸನ್ ಮತ್ತಿತರರೊಂದಿಗೆ, ಒಂದು ಗುಂಡಿಯನ್ನು ತೋರಿಸಿದರು. ಹೆಚ್ಚಿನ ಕುಟುಂಬಗಳಲ್ಲಿ ಪ್ರತಿಬಂಧಕದ ಪ್ರಮಾಣವೇ ಕಡಿಮೆ. ಆದರೆ ಕೆಲವು ಕುಟುಂಬಗಳಲ್ಲಿ ಅದು ಧಾರಾಳವಾಗಿದೆ, ಕೆಲಸ ಮಾತ್ರ ಮಾಡುವುದಿಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಇದೆ, ಆಸಾಮಿ ಸೀಟಿನಲ್ಲಿಲ್ಲ ಎನ್ನುವ ಹಾಗೆ. ಸುಮಾರು ಶೇಕಡ 15ರಷ್ಟು ರೋಗಿಗಳು ಈ ಎರಡನೆಯ ಬಗೆಯವರು. ಪ್ರಮಾಣವನ್ನಷ್ಟೇ ಅಳೆದು ‘ನಾರ್ಮಲ್’ ಎಂದು ಬರೆದುಕೊಟ್ಟರೆ ಇವರು ಬಲೆಯಿಂದ ನುಸುಳಿಹೋಗುತ್ತಾರೆ. ಅದಕ್ಕೇ ಪ್ರತಿಬಂಧಕ ಎಷ್ಟಿದೆ ಎಂಬುದರ ಜತೆಗೆ ಅದು ದುಡಿಯುತ್ತಿದೆಯೇ ಎಂಬ ಪರೀಕ್ಷೆಯೂ ಬೇಕು.

ಚಿಕಿತ್ಸೆಯೂ ಅಡ್ಡದಾರಿಯಲ್ಲೇ ಬಂತು. 1969ರಲ್ಲಿ ಇಬ್ಬರು ರೋಗಿಗಳಿಗೆ ಮಂಜುಗಟ್ಟಿಸಿಟ್ಟ ತಾಜಾ ಪ್ಲಾಸ್ಮಾ ಕೊಟ್ಟು ಊತ ಇಳಿಸಿದ ವರದಿ ಪ್ರಕಟವಾಯಿತು. ಇನ್ನೊಬ್ಬರ ರಕ್ತದಿಂದ ಪ್ರತಿಬಂಧಕವನ್ನು ಸಾಲ ತಂದಂತೆ. ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮೈಕಲ್ ಫ್ರ್ಯಾಂಕ್ ಮತ್ತು ಸಂಗಡಿಗರು ಡಾನಜಾಲ್ ಎಂಬ ಹಾರ್ಮೋನ್ ಮಾತ್ರೆಯನ್ನು ಒಂಬತ್ತು ಜನರ ಮೇಲೆ ಪ್ರಯೋಗಿಸಿ 1976ರಲ್ಲಿ ಪ್ರಕಟಿಸಿದ ಲೆಕ್ಕ ಇಂದಿಗೂ ಬೆರಗು ಹುಟ್ಟಿಸುತ್ತದೆ. ಸಕ್ಕರೆ ಗುಳಿಗೆ ಕೊಟ್ಟ 47 ಸರದಿಗಳಲ್ಲಿ 44ರಲ್ಲಿ ಊತ ಬಂತು. ಡಾನಜಾಲ್ ಕೊಟ್ಟ 46 ಸರದಿಗಳಲ್ಲಿ ಒಂದೇ ಒಂದರಲ್ಲಿ. ಅದು ಹೆಂಗಸರಿಗೆ ಬರುವ ಎಂಡೊಮೆಟ್ರಿಯೋಸಿಸ್‌ಗೆಂದು ತಯಾರಾದ ಔಷಧ. ಯಕೃತ್ತು ಹೆಚ್ಚು ಪ್ರತಿಬಂಧಕ ತಯಾರಿಸುವಂತೆ ಮಾಡುತ್ತದೆ. ಹೆಂಗಸರ ಮುಖದಲ್ಲಿ ಕೂದಲು, ತೂಕ ಏರಿಕೆ, ಯಕೃತ್ತಿಗೆ ಪೆಟ್ಟು ಎಂಬ ಸುಂಕವನ್ನೂ ವಸೂಲು ಮಾಡುತ್ತದೆ.

ಈ ನಡುವೆ ಇನ್ನೊಂದು ಬಗೆಯ ರೋಗಿಗಳು ಕಾಣಿಸಿಕೊಂಡರು. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗೂ ಊತವಿಲ್ಲ, ಇವರಿಗೂ ಅಲ್ಲಿಯವರೆಗೆ ಇರಲಿಲ್ಲ. 1972ರಲ್ಲಿ ಬಾಸ್ಟನ್ನಿನ ತಂಡವೊಂದು ದುಗ್ಧಗ್ರಂಥಿಯ ಕ್ಯಾನ್ಸರ್ ಇದ್ದವರಲ್ಲಿ ಸಿ1 ಪ್ರತಿಬಂಧಕ ಬರಿದಾಗಿದ್ದನ್ನು ವಿವರಿಸಿತು. ಹುಟ್ಟಿನಿಂದ ಬಂದದ್ದಲ್ಲ, ಕ್ಯಾನ್ಸರ್ ಅದನ್ನು ಖರ್ಚು ಮಾಡಿ ಮುಗಿಸಿತ್ತು. 1986ರಲ್ಲಿ, ಕ್ಯಾನ್ಸರ್ ಇಲ್ಲದೆಯೂ ದೇಹ ತಾನೇ ಈ ಪ್ರತಿಬಂಧಕದ ವಿರುದ್ಧ ಪ್ರತಿಕಾಯ ತಯಾರಿಸಿ ಅದನ್ನು ಹಾಳುಗೆಡಹುವುದನ್ನು ಡಬ್ಲಿನ್ನಿನ ವೈದ್ಯರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ವಂಶದ ಊತವನ್ನೂ ಹೀಗೆ ಆಮೇಲೆ ಗಳಿಸಿಕೊಂಡ ಊತವನ್ನೂ ಬೇರೆ ಮಾಡುವ ಜಾಣ ಸುಳಿವು ಸಿ1ಕ್ಯು ಎಂಬ ಪ್ರೋಟೀನು. ವಂಶದ ಊತದಲ್ಲಿ ಅದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಗಳಿಸಿಕೊಂಡ ಊತದಲ್ಲಿ ಹೆಚ್ಚಿನವರಲ್ಲಿ ಕುಸಿದಿರುತ್ತದೆ. ಅರವತ್ತರ ಹಿರಿಯರೊಬ್ಬರ ನಾಲಿಗೆ ಮೊದಲ ಸಲ ಊದಿ, ಸಿ1ಕ್ಯು ಕಡಿಮೆ ಎಂದು ರಿಪೋರ್ಟ್ ಬಂದರೆ, ಊತಕ್ಕಿಂತ ಮುಂದೆ ಹೋಗಿ ಗ್ರಂಥಿಗಳನ್ನೂ ಗುಲ್ಮವನ್ನೂ ಹುಡುಕಬೇಕಾಗುತ್ತದೆ. ಊತ ಮೊದಲು ಬಂದು, ಆ ಕ್ಯಾನ್ಸರ್ ವರ್ಷಗಳ ನಂತರ ಬಯಲಾದದ್ದೂ ಉಂಟು.

ಅದೇ ಕಾಲದಲ್ಲಿ ಜರರಾಕಾ ಹಾವು ಈ ಕಥೆಗೆ ಮರಳಿ ಬಂತು. ರೋಚಾ ಎ ಸಿಲ್ವಾ ಅವರ ಶಿಷ್ಯ ಸೆರ್ಜಿಯೊ ಫೆರೇರಾ 1965ರಲ್ಲಿ ಅದರ ವಿಷದಲ್ಲೇ ಬ್ರ್ಯಾಡಿಕೈನಿನ್‌ನ ಪ್ರಭಾವವನ್ನು ಹೆಚ್ಚಿಸುವ ಅಂಶವೊಂದನ್ನು ಗುರುತಿಸಿದರು. ಲಂಡನ್ನಿನಲ್ಲಿ ಜಾನ್ ವೇನ್ ಅವರ ಪ್ರಯೋಗಾಲಯದ ಮೂಲಕ ಆ ಸುಳಿವು ಸ್ಕ್ವಿಬ್ ಕಂಪನಿಗೆ ತಲುಪಿ, ಡೇವಿಡ್ ಕುಶ್‌ಮನ್ ಮತ್ತು ಮಿಗೆಲ್ ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ತಯಾರಿಸಿದರು. 1981ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ಬಿಪಿ ಮಾತ್ರೆಯ ಹಿಂದೆಯೇ ಎನಾಲಪ್ರಿಲ್, ಲಿಸಿನೊಪ್ರಿಲ್, ರಾಮಿಪ್ರಿಲ್ ಬಂದವು. ಇವು ತಡೆಯುವ ಕಿಣ್ವ ರಕ್ತದೊತ್ತಡ ಏರಿಸುವುದರ ಜತೆಗೆ ಬ್ರ್ಯಾಡಿಕೈನಿನ್ನನ್ನು ಒಡೆದು ಮುಗಿಸುವ ಕೆಲಸವನ್ನೂ ಮಾಡುತ್ತದೆ. ಕಿಣ್ವವನ್ನು ಕಟ್ಟಿಹಾಕಿದರೆ ಬಿಪಿ ಇಳಿಯುತ್ತದೆ, ಬ್ರ್ಯಾಡಿಕೈನಿನ್ ಉಳಿಯುತ್ತದೆ. ಸಾವಿರ ಜನರಲ್ಲಿ ಕೆಲವರಿಗೆ ತುಟಿ, ನಾಲಿಗೆ ಊದುತ್ತದೆ. ಕಪ್ಪು ಜನರಲ್ಲಿ ಅದು ಇನ್ನೂ ಹೆಚ್ಚು. ಮಾತ್ರೆ ಶುರುಮಾಡಿದ ವಾರದಲ್ಲೇ ಬರಬೇಕೆಂದಿಲ್ಲ, ವರ್ಷಗಟ್ಟಲೆ ನುಂಗಿ ಒಗ್ಗಿಹೋದ ಮೇಲೂ ಬರಬಹುದು. ಹಾಗಾಗಿ ರೋಗಿಯೂ ಮಾತ್ರೆಯ ಮೇಲೆ ಅನುಮಾನ ಪಡುವುದಿಲ್ಲ, ರಾತ್ರಿ ಊಟಕ್ಕೆ ತಿಂದ ಸಿಗಡಿಯನ್ನೋ ಬದನೆಕಾಯಿಯನ್ನೋ ಬೈಯುತ್ತಾನೆ.

ಒಂದು ಬಿಪಿ ಮಾತ್ರೆಯಿಂದ ಊತ ಬರುವುದೇ ಬ್ರ್ಯಾಡಿಕೈನಿನ್ ಪಕ್ಷದವರಿಗೆ ಬಲ ಕೊಟ್ಟಿತು. ಸಾಕ್ಷ್ಯ ಹಿಡಿಯುವುದೇ ಕಷ್ಟವಾಗಿತ್ತು, ಏಕೆಂದರೆ ರಕ್ತದಲ್ಲಿ ಬ್ರ್ಯಾಡಿಕೈನಿನ್ ಅರ್ಧ ನಿಮಿಷವೂ ಬಾಳುವುದಿಲ್ಲ. 1998ರಲ್ಲಿ ಮಿಲಾನ್ ಮತ್ತು ಲೋಸಾನ್‌ನ ವೈದ್ಯರು ಊತ ಬಂದಾಗ ರಕ್ತದಲ್ಲಿ ಅದು ಏರುವುದನ್ನು ಅಳೆದು ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಮರುವರ್ಷ ಅವರೇ ಮಾಡಿದ ಇನ್ನೊಂದು ಪ್ರಯೋಗ ಇನ್ನೂ ಸೊಗಸು. ಒಂದೇ ರೋಗಿಯ ಊದಿದ ಕೈಯ ಅಭಿಧಮನಿಯಿಂದ ಒಂದು ಸಿರಿಂಜ್ ರಕ್ತ, ಊದದ ಕೈಯಿಂದ ಇನ್ನೊಂದು. ಊದಿದ ಕೈಯದರಲ್ಲೇ ಬ್ರ್ಯಾಡಿಕೈನಿನ್ ಹೆಚ್ಚು. 2002ರಲ್ಲಿ ಬಾಸ್ಟನ್ನಿನ ಆಲ್ವಿನ್ ಡೇವಿಸ್ ತಂಡ, ಪ್ರತಿಬಂಧಕದ ವಂಶವಾಹಿ ಇಲ್ಲದ ಇಲಿಗಳ ರಕ್ತನಾಳ ಸೋರುವುದನ್ನೂ, ಬ್ರ್ಯಾಡಿಕೈನಿನ್ ಕೂರುವ ಪೀಠವನ್ನೂ ತೆಗೆದರೆ ಆ ಸೋರಿಕೆ ನಿಲ್ಲುವುದನ್ನೂ ತೋರಿಸಿದ ಮೇಲೆ ಜಗಳ ಮುಗಿಯಿತು. ಸಿ1 ಪ್ರತಿಬಂಧಕ ಈ ಊತವನ್ನು ತಡೆಯುವುದು ಸಿ1ನ್ನು ಹಿಡಿದು ಅಲ್ಲ, ಕ್ಯಾಲಿಕ್ರೀನ್ ಮತ್ತು ಅದನ್ನು ಎಬ್ಬಿಸುವ ಫ್ಯಾಕ್ಟರ್ 12ನ್ನು ಹಿಡಿದು. ಅದರ ಹೆಸರೂ, ನೋಡಿ, ದಾರಿ ತಪ್ಪಿಸುವಂಥದ್ದೇ.

ಎಮರ್ಜೆನ್ಸಿ ವಾರ್ಡಿನಲ್ಲಿ ಇದರ ಅರ್ಥ ಬಹಳ ನೇರ. ಮುಖ ಊದಿಕೊಂಡು ಬಂದವರಿಗೆ ಬೆಂಗಳೂರಾಗಲಿ, ಬೀದರ್ ಆಗಲಿ, ಮೊದಲು ಬೀಳುವುದು ಏವಿಲ್ ಮತ್ತು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್. ಅವು ಹಿಸ್ಟಮಿನ್‌ನ ಊತಕ್ಕೆ ಮದ್ದು, ಬ್ರ್ಯಾಡಿಕೈನಿನ್ ಅವಕ್ಕೆ ಕ್ಯಾರೇ ಎನ್ನುವುದಿಲ್ಲ. ಅಡ್ರಿನಾಲಿನ್ ಕೊಟ್ಟರೂ ಅಷ್ಟೇ. ಮೂರನೇ ದಿನ ಊತ ತಾನಾಗಿ ಇಳಿದಾಗ ಮದ್ದು ಕೆಲಸ ಮಾಡಿತೆಂಬ ಭ್ರಮೆ ರೋಗಿಗೂ ವೈದ್ಯರಿಗೂ. ಜಗತ್ತಿನಲ್ಲಿ ಸುಮಾರು 50,000 ಜನರಿಗೊಬ್ಬರಂತೆ ವಂಶದ ಊತವಿದೆ ಎಂಬ ಅಂದಾಜನ್ನು 2011ರ ಜನಗಣತಿಯ 6.11 ಕೋಟಿಗೆ ಹಾಕಿ ನೋಡಿದರೆ ಕರ್ನಾಟಕದಲ್ಲೇ ಸಾವಿರದ ಇನ್ನೂರು ಜನ ಇರಬೇಕು. ಗಂಧೆ ಇತ್ತೇ, ತುರಿಕೆ ಇತ್ತೇ, ಎಷ್ಟು ದಿನ ಇತ್ತು, ಆಗಾಗ ಹೊಟ್ಟೆನೋವು ಬರುತ್ತದೆಯೇ, ಮನೆಯಲ್ಲಿ ಗಂಟಲು ಕಟ್ಟಿ ಸತ್ತವರಿದ್ದಾರೆಯೇ, ಬಿಪಿಗೆ ಯಾವ ಮಾತ್ರೆ ಎಂಬ ಐದಾರು ಪ್ರಶ್ನೆಗಳಿಗೆ ಖರ್ಚಿಲ್ಲ. ಇವಾದ ಮೇಲೆ ಸಿ4, ಪ್ರತಿಬಂಧಕದ ಪ್ರಮಾಣ, ಅದರ ಕೆಲಸ, ಬೇಕಿದ್ದರೆ ಸಿ1ಕ್ಯು. ಕುಟುಂಬದಲ್ಲಿ ಯಾರಿಗೂ ಇಲ್ಲ ಎಂದ ಮಾತ್ರಕ್ಕೆ ಕೈಬಿಡುವಂತಿಲ್ಲ, ಸುಮಾರು ಕಾಲುಭಾಗ ರೋಗಿಗಳಲ್ಲಿ ವಂಶವಾಹಿಯ ದೋಷ ಅವರಿಂದಲೇ ಶುರುವಾಗಿರುತ್ತದೆ.

ರೋಗ ಗುರುತಿಸದಿದ್ದರೆ ಏನಾಗುತ್ತದೆ ಎಂಬುದನ್ನು ಜರ್ಮನಿಯ ಮೈಂಜ್ ಊರಿನ ಕೊನ್ರಾಡ್ ಬೋರ್ಕ್ ಲೆಕ್ಕ ಹಾಕಿದ್ದಾರೆ. 182 ಕುಟುಂಬಗಳ 728 ರೋಗಿಗಳ ಚರಿತ್ರೆ ಕೆದಕಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೀರಿಕೊಂಡವರು 214 ಜನ. ಅವರಲ್ಲಿ 70 ಜನ ಸತ್ತದ್ದು ಉಸಿರುಕಟ್ಟಿ. ಆ 70ರಲ್ಲಿ 63 ಜನರಿಗೆ ತಮ್ಮ ಕಾಯಿಲೆ ಏನೆಂದೇ ಗೊತ್ತಿರಲಿಲ್ಲ.

ಇದೇ ಬೋರ್ಕ್ 2000ದಲ್ಲಿ ಎಲ್ಲರ ಲೆಕ್ಕ ತಲೆಕೆಳಗಾಗುವಂಥದ್ದನ್ನು ಕಂಡಿದ್ದರು. ಹತ್ತು ಕುಟುಂಬಗಳ 36 ಜನರಲ್ಲಿ ಊತ, ಹೊಟ್ಟೆನೋವು, ಗಂಟಲು ಎಲ್ಲವೂ ಓಸ್ಲರ್ ಬರೆದಂತೆಯೇ. ಆದರೆ ಸಿ4 ಸರಿಯಿದೆ, ಪ್ರತಿಬಂಧಕ ಸರಿಯಿದೆ, ಅದರ ಕೆಲಸವೂ ಸರಿಯಿದೆ. 36 ಜನರೂ ಹೆಂಗಸರು. ಆರು ವರ್ಷಗಳ ನಂತರ ಇಂಥ ಕೆಲವು ಕುಟುಂಬಗಳಲ್ಲಿ ದೋಷ ಸಿಕ್ಕಿದ್ದು ಫ್ಯಾಕ್ಟರ್ 12ರ ವಂಶವಾಹಿಯಲ್ಲಿ, ಕ್ಲೀವ್‌ಲ್ಯಾಂಡಿನ ರೈಲ್ವೆ ನೌಕರನಲ್ಲಿ ಇಲ್ಲದಿದ್ದ ಅದೇ ಅಂಶ. ಗರ್ಭನಿರೋಧಕ ಗುಳಿಗೆಯಲ್ಲಿರುವ ಈಸ್ಟ್ರೋಜನ್ ಅಥವಾ ಬಸಿರು ಅದನ್ನು ಕೆರಳಿಸುತ್ತದೆ. ಗಂಡಸರಲ್ಲಿ ಆ ದೋಷವಿದ್ದರೂ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯೂ ತುಟಿ ಊದುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಇದೆಯೇ ಎಂದು ವೈದ್ಯರು ಕೇಳಿದಾಗ ಮಗಳ ಪಕ್ಕದಲ್ಲೇ ಕುಳಿತ ಅಪ್ಪ ಇಲ್ಲವೆನ್ನುತ್ತಾನೆ. ಅವನ ಮಟ್ಟಿಗೆ ಅದು ಸುಳ್ಳೂ ಅಲ್ಲ.